ಮುಟ್ಟು ನಿಂತರೂ ಮುಟ್ಟದ ಊರು

1

ನಮ್ಮ ಮಾತಿನಲ್ಲಿ ‘ಮುಟ್ಟು’ ಅನ್ನೋದಕ್ಕೆ ಎರಡು ಅರ್ಥ. ಕೈಯಿಂದ ಮುಟ್ಟುವುದೂ ಮುಟ್ಟು. ಹೆಂಗಸು ತಿಂಗಳಿಗೊಮ್ಮೆ ಹೊರಗಾಗುವುದೂ ಮುಟ್ಟು. ಮೊದಲನೆಯದನ್ನು ಈ ಸಮಾಜ ನಮ್ಮ ಕೇರಿಗೆ ಕೊಡಲಿಲ್ಲ. ಎರಡನೆಯದರ ಹೆಸರು ಹೇಳಿ ಎಲ್ಲ ಜಾತಿಯ ಹೆಂಗಸರನ್ನೂ ತಿಂಗಳಿಗೆ ಮೂರು ದಿನ ಕೇರಿಯವರ ಹಾಗೆ ದೂರ ಕೂರಿಸಿತು.

ಈ ಎರಡನೆಯ ಮುಟ್ಟು ಒಂದು ವಯಸ್ಸಿಗೆ ನಿಲ್ಲುತ್ತದೆ. ಪುಸ್ತಕದವರು ಅದನ್ನು ಋತುಬಂಧ ಅಂತಾರೆ. ಚಳ್ಳಕೆರೆ, ಮೊಳಕಾಲ್ಮೂರು ಕಡೆಯ ನಮ್ಮ ಹೆಂಗಸರು ‘ಮುಟ್ಟು ನಿಂತೈತೆ’ ಅಂತ ಎರಡೇ ಮಾತಿನಲ್ಲಿ ಮುಗಿಸುತ್ತಾರೆ. ಆದರೆ ಅದು ಎರಡು ಮಾತಿನಲ್ಲಿ ಮುಗಿಯುವ ಸಂಗತಿ ಅಲ್ಲ. ನಿಲ್ಲುವುದಕ್ಕೆ ನಾಲ್ಕೈದು ವರ್ಷ ಮೊದಲೇ ಅಂಡಾಶಯದ ಕೆಲಸ ಏರುಪೇರಾಗುತ್ತದೆ. ಈಸ್ಟ್ರೋಜೆನ್ ಅನ್ನೋ ರಸ ಒಂದು ತಿಂಗಳು ಏರುತ್ತದೆ, ಇನ್ನೊಂದು ತಿಂಗಳು ಇಳಿಯುತ್ತದೆ. ಮುಟ್ಟು ಹಿಂದೆ ಮುಂದೆ ಆಗುತ್ತದೆ. ಒಂದು ಸಲ ಚುಕ್ಕಿಯಷ್ಟು, ಮತ್ತೊಂದು ಸಲ ಹರಿದಷ್ಟು. ಎದೆಯಿಂದ ಮುಖಕ್ಕೆ ಬೆಂಕಿ ಏರಿದ ಹಾಗೆ ಕಾವು, ಬೆವರು, ಆಮೇಲೆ ನಡುಕ. ರಾತ್ರಿ ನಿದ್ದೆ ಇಲ್ಲ. ಕೀಲು ನೋವು. ಸಣ್ಣ ಮಾತಿಗೂ ಸಿಡುಕು, ಇಲ್ಲವೆ ಕಾರಣವಿಲ್ಲದ ಅಳು. ಹನ್ನೆರಡು ತಿಂಗಳು ಸತತವಾಗಿ ಮುಟ್ಟು ಬರದಿದ್ದರೆ ನಿಂತಿತು ಅಂತ ವೈದ್ಯಶಾಸ್ತ್ರ ಲೆಕ್ಕ ಹಾಕುತ್ತದೆ. ಆಮೇಲೆ ಮೂಳೆ ಸವೆಯುತ್ತದೆ.

ನನ್ನವ್ವನಿಗೆ ಮುಟ್ಟು ತಾನಾಗಿ ನಿಲ್ಲಲಿಲ್ಲ, ನಿಲ್ಲಿಸಿದರು. ಆಗ ಅವಳಿಗೆ ಮೂವತ್ತೆಂಟು. ನಾನು ಪಿಯುಸಿಯಲ್ಲಿದ್ದೆ. ಎರಡು ಮೂರು ತಿಂಗಳಿಂದ ರಕ್ತ ಹೆಚ್ಚಾಗಿ ಹೋಗ್ತಾ ಇತ್ತು. ಊರಿನಾಚೆಯ ಒಂದು ನರ್ಸಿಂಗ್ ಹೋಮಿನಲ್ಲಿ ಸ್ಕ್ಯಾನಿಂಗ್ ಮಾಡಿ, “ಗಡ್ಡೆ ಐತೆ, ಬಿಟ್ರೆ ಕ್ಯಾನ್ಸರ್ ಆಗ್ತದೆ, ಮಕ್ಕಳಾಗಿದಾವಲ್ಲ, ಇನ್ನು ಆ ಚೀಲ ಯಾಕೆ ನಿಂಗೆ?” ಅಂದರು. ಸಂಘದಲ್ಲಿ ಸಾಲ ಎತ್ತಿ ಗರ್ಭಚೀಲ ತೆಗೆಸಿದೆವು. ಅಂಡಾಶಯ ಉಳಿಸಿದರೋ ತೆಗೆದರೋ ನಮಗೆ ಯಾರೂ ಹೇಳಲಿಲ್ಲ. ಕೇಳಬೇಕು ಅನ್ನೋದೂ ನಮಗೆ ಗೊತ್ತಿರಲಿಲ್ಲ. ಒಂದೂವರೆ ತಿಂಗಳಿಗೆ ಅವ್ವ ಮತ್ತೆ ಶೇಂಗಾ ಹೊಲಕ್ಕೆ ಹೋದಳು. ಆಮೇಲೆ ಶುರುವಾಯಿತು ಮೈಯುರಿ. ಮಾಗಿಯ ರಾತ್ರಿಯಲ್ಲೂ ಎದ್ದು ಹೊರಗೆ ಕಟ್ಟೆ ಮೇಲೆ ಕೂರೋಳು. “ಯಾಕವ್ವಾ?” ಅಂದರೆ, “ಏನಿಲ್ಲ ಮಗಾ, ಸೆಕೆ” ಅನ್ನೋಳು.

ಆ ‘ಸೆಕೆ’ಗೆ ಒಂದು ಚರಿತ್ರೆ ಇದೆ. ರಾಜರ ಚರಿತ್ರೆ ಕಲ್ಲಿನ ಮೇಲಿದೆ, ಜಮೀನ್ದಾರರ ಚರಿತ್ರೆ ಕಂದಾಯದ ಕಡತದಲ್ಲಿದೆ. ದುಡಿಯುವ ಹೆಂಗಸಿನ ಮೈಯ ಚರಿತ್ರೆಯನ್ನು ಕೇರಿ, ಹಟ್ಟಿ, ಹೊಲ, ಆಸ್ಪತ್ರೆಗಳಲ್ಲಿ ಹುಡುಕಬೇಕು. ಈ ಲೇಖನ ಆ ಹುಡುಕಾಟ.

2

ನಮ್ಮ ಎರಡು ತಾಲೂಕುಗಳು ಮಳೆ ಮರೆತ ಸೀಮೆ. ವರ್ಷಕ್ಕೆ ಸುಮಾರು 500 ಮಿಲಿಮೀಟರ್ ಮಳೆ ಬಂದರೆ ಅದೇ ಹಬ್ಬ. ಬಯಲು, ಜಾಲಿ, ಗುಂಡುಕಲ್ಲಿನ ಗುಡ್ಡ. ಈ ಬಯಲಿನಲ್ಲಿ ಮ್ಯಾಸಬೇಡರು, ಕಾಡುಗೊಲ್ಲರು, ಮಾದಿಗರು, ಹೊಲೆಯರು, ಲಂಬಾಣಿಗಳು ತಲೆತಲಾಂತರದಿಂದ ಬದುಕಿದ್ದಾರೆ. ದನ ಕುರಿ ಕಾಯುವ ಕಾಡುಗೊಲ್ಲರು ಊರಿನಿಂದ ದೂರ ಹಟ್ಟಿ ಕಟ್ಟಿಕೊಂಡವರು. ಹಟ್ಟಿಯೊಳಗೆ ದೇವರಿದೆ. ಆದ್ದರಿಂದ ಹಟ್ಟಿಯೊಳಗೆ ಸೂತಕ ಬರಕೂಡದು. ಮುಟ್ಟಾದ ಹೆಂಗಸು ಹಟ್ಟಿಯ ಹೊರಗೆ. ಬಾಣಂತಿ, ಹಸುಗೂಸಿನ ಜೊತೆಗೆ, ಹೊರಗೆ. ಮ್ಯಾಸಬೇಡರಲ್ಲೂ ಈ ಕಟ್ಟಳೆ ಬಹಳ ಬಿಗಿ.

ಇದನ್ನು ಕಾಡುಗೊಲ್ಲರನ್ನು ಹೀಯಾಳಿಸೋದಕ್ಕೆ ಬರೀತಿಲ್ಲ. ಅವರೂ ನಮ್ಮ ಹಾಗೆ ಬಡವರು, ಅಕ್ಷರದಿಂದ ದೂರ ಉಳಿದವರು. ಮುಟ್ಟಾದವಳನ್ನು ಮೂಲೆಗೆ ಕೂರಿಸುವುದನ್ನು ಅಗ್ರಹಾರವೂ ಮಾಡಿತು. ಅಗ್ರಹಾರದ ಮೂಲೆಗೆ ಮೇಲೆ ಸೂರಿತ್ತು, ಹಟ್ಟಿಯ ಹೊರಗೆ ಸೂರಿಲ್ಲ. ವ್ಯತ್ಯಾಸ ಅಷ್ಟೇ. 2023ರ ಜುಲೈನಲ್ಲಿ ತುಮಕೂರು ತಾಲೂಕಿನ ಗೊಲ್ಲರಹಟ್ಟಿಯೊಂದರ ಹೊರಗೆ, ಮಳೆ ಚಳಿಯಲ್ಲಿ, ಗುಡಿಸಲಲ್ಲಿದ್ದ ಬಾಣಂತಿಯ ಕೂಸು ಸತ್ತುಹೋಯಿತು. ಮುಟ್ಟಾದವರನ್ನು, ಬಸುರಿಯರನ್ನು ಹೀಗೆ ಬೇರೆ ಇಡುವುದು ಅಪರಾಧ ಅಂತ ಕರ್ನಾಟಕದ 2017ರ ಮೌಢ್ಯ ನಿಷೇಧ ಕಾಯ್ದೆ ಹೇಳುತ್ತದೆ. 2020ರ ಜನವರಿಯಲ್ಲಿ ಅದು ಜಾರಿಗೂ ಬಂತು. ಇನ್ನೊಂದು ಕಡೆ ಸರ್ಕಾರವೇ ಹಟ್ಟಿಗಳ ಹೊರಗೆ ‘ಕೃಷ್ಣ ಕುಟೀರ’ ಅಂತ ಕಟ್ಟಡ ಕಟ್ಟಿಸಿತು. ಮಳೆ ಬಿಸಿಲಿನಿಂದ ಹೆಂಗಸು ಬಚಾವಾದಳು ನಿಜ. ಆದರೆ ಹೊರಗೆ ಇರೋದು ಸಿಮೆಂಟಿನಲ್ಲಿ ಗಟ್ಟಿಯಾಯಿತು.

ಈಗ ಇನ್ನೊಂದು ಘಟನೆ. 2019ರ ಸೆಪ್ಟೆಂಬರ್‌ನಲ್ಲಿ ಚಿತ್ರದುರ್ಗದ ಸಂಸದರಾಗಿದ್ದ ದಲಿತ ಸಮುದಾಯದ ಎ. ನಾರಾಯಣಸ್ವಾಮಿ ಪಾವಗಡ ತಾಲೂಕಿನ ಒಂದು ಗೊಲ್ಲರಹಟ್ಟಿಗೆ ಹೋದಾಗ ಅವರನ್ನು ಒಳಗೆ ಬಿಡಲಿಲ್ಲ. ಪಾರ್ಲಿಮೆಂಟಿನ ಬಾಗಿಲು ದಾಟಿದವರು ಹಟ್ಟಿಯ ಬೇಲಿ ದಾಟಲಾಗಲಿಲ್ಲ.

ಈ ಎರಡನ್ನೂ ಒಟ್ಟಿಗೆ ಇಟ್ಟು ನೋಡಿ. ಒಂದೇ ಬೇಲಿ ಇಬ್ಬರನ್ನು ಹೊರಗಿಡುತ್ತದೆ, ಮುಟ್ಟಾದ ಹೆಂಗಸನ್ನು ಮತ್ತು ಮುಟ್ಟಿಸಿಕೊಳ್ಳದ ಜಾತಿಯನ್ನು. ಎರಡಕ್ಕೂ ಕೊಡುವ ಕಾರಣ ಒಂದೇ, ಮೈಲಿಗೆ. ಆದರೆ ಗೊಲ್ಲರ ಹೆಂಗಸು ಮೂರೋ ಐದೋ ದಿನಕ್ಕೆ ಮಿಂದು ಒಳಗೆ ಬರುತ್ತಾಳೆ. ಮುಟ್ಟು ನಿಂತ ಮೇಲೆ ಅವಳಿಗೆ ಹೊರಗೆ ಕೂರುವುದೇ ಇಲ್ಲ. ಒಬ್ಬಾಕೆ ಬಸ್ಸಿನಲ್ಲಿ ನನ್ನ ಪಕ್ಕ ಕೂತು ಅಂದಿದ್ದರು: “ನಿಂತಿದ್ದೇ ಒಳ್ಳೇದಾತು ಕಣವ್ವ. ಇನ್ನು ಮಳೇಲಿ ಹೊರಗೆ ಮಲಗೋದು ತಪ್ತು.” ಆ ಮಾತಿನಲ್ಲಿ ಎಷ್ಟು ನಿರಾಳ ಇತ್ತು! ಅದನ್ನು ನಾನು ಅಲ್ಲಗಳೆಯಲಾರೆ. ಮೈಯುರಿ, ಕೀಲುನೋವು ಎಲ್ಲವನ್ನೂ ಆಕೆ ಆ ಬಿಡುಗಡೆಯ ಬೆಲೆ ಅಂತ ತೆತ್ತಿದ್ದರು.

ಮಾದಿಗರ ಹೆಂಗಸಿಗೆ ಆ ಬಿಡುಗಡೆ ಎಲ್ಲಿ? ಅವಳ ಮುಟ್ಟು ನಿಂತ ದಿನ ಊರ ಗುಡಿಯ ಬಾಗಿಲು ತೆರೆಯಲಿಲ್ಲ. ಹೋಟೆಲಿನ ಲೋಟ ಬದಲಾಗಲಿಲ್ಲ. ಅವಳ ಮೈಲಿಗೆ ರಕ್ತದ ಜೊತೆ ಹರಿದು ಹೋಗುವಂಥದ್ದಲ್ಲ, ಹುಟ್ಟಿನ ಜೊತೆ ಅಂಟಿಸಿದ್ದು. ಮುಟ್ಟು ನಿಂತರೂ ಊರು ಅವಳನ್ನು ಮುಟ್ಟಲಿಲ್ಲ.

ಇದನ್ನು ಪ್ರಶ್ನಿಸಿದವರು ನಮ್ಮ ನಾಡಿನಲ್ಲಿ ಇರಲಿಲ್ಲ ಅಂತಲ್ಲ. 12ನೆಯ ಶತಮಾನದ ಶರಣರು ಜನನ, ಮರಣ, ಜಾತಿ, ಉಚ್ಛಿಷ್ಟ, ರಜಸ್ಸು ಅನ್ನೋ ಐದು ಸೂತಕಗಳನ್ನೂ ತಳ್ಳಿಹಾಕಿದರು. ಗಮನಿಸಿ, ಜಾತಿಸೂತಕವನ್ನೂ ರಜಸ್ಸೂತಕವನ್ನೂ ಒಂದೇ ಪಟ್ಟಿಯಲ್ಲಿಟ್ಟರು. ಎರಡರ ಬೇರೂ ಒಂದೇ ಅನ್ನೋದು ಅವರಿಗೆ ತಿಳಿದಿತ್ತು. ಉರಿಲಿಂಗಪೆದ್ದಿಯ ಪುಣ್ಯಸ್ತ್ರೀ ಕಾಳವ್ವೆ ಅಸ್ಪೃಶ್ಯ ಅನ್ನಿಸಿಕೊಂಡ ಕುಲದಿಂದ ಬಂದು ವಚನ ಬರೆದಳು. ಆ ಬೆಂಕಿಯನ್ನು ಮಠಗಳು ಬೂದಿ ಮಾಡಿ ಹಣೆಗೆ ಹಚ್ಚಿಕೊಂಡವು.

3

ಈಗ ಪುಸ್ತಕಗಳನ್ನು ನೋಡೋಣ. ಸುಶ್ರುತ ಸಂಹಿತೆ ಹೆಣ್ಣಿಗೆ ಹನ್ನೆರಡಕ್ಕೆ ಮುಟ್ಟು ಶುರುವಾಗಿ ಐವತ್ತಕ್ಕೆ ನಿಲ್ಲುತ್ತದೆ ಅನ್ನುತ್ತದೆ. ಯುರೋಪಿನ ವೈದ್ಯರು ಇದಕ್ಕೆ ಹೆಸರಿಟ್ಟದ್ದು ತಡವಾಗಿ. ‘ಮೆನೋಪಾಸ್’ ಅನ್ನೋ ಪದವನ್ನು ಫ್ರಾನ್ಸಿನ ವೈದ್ಯ ಗಾರ್ದಾನ್ 1821ರ ತನ್ನ ಪುಸ್ತಕದಲ್ಲಿ ಬಳಕೆಗೆ ತಂದ. ಹೆಸರಿಟ್ಟವನು ಗಂಡಸು. 

ನಮ್ಮ ದೇಶದ ಹೆಂಗಸರ ಬಗ್ಗೆ ಒಂದು ಪ್ರಸಿದ್ಧ ಬರಹ ಬಂದದ್ದು 1975ರಲ್ಲಿ. ಮಾರ್ಷಾ ಫ್ಲಿಂಟ್ ಅನ್ನೋ ಅಮೆರಿಕದ ಮಾನವಶಾಸ್ತ್ರಜ್ಞೆ ರಾಜಸ್ಥಾನ, ಹಿಮಾಚಲ ಪ್ರದೇಶದ 483 ರಜಪೂತ ಹೆಂಗಸರನ್ನು ಮಾತಾಡಿಸಿದರು. ಮುಟ್ಟು ನಿಲ್ಲುವ ಕಾಲದ ತೊಂದರೆಗಳನ್ನು ಆ ಹೆಂಗಸರು ಹೇಳಿಕೊಂಡದ್ದು ಬಹಳ ಕಡಿಮೆ. ಯಾಕೆ ಅಂದರೆ ಮುಟ್ಟು ನಿಂತ ಮೇಲೆ ಅವರಿಗೆ ಪರದೆಯಿಂದ ಹೊರಗೆ ಬರುವ ಸ್ವಾತಂತ್ರ್ಯ ಸಿಗುತ್ತಿತ್ತು. ಗಂಡಸರ ಜೊತೆ ಕೂತು ಮಾತಾಡಬಹುದಿತ್ತು, ನಗಬಹುದಿತ್ತು. ಋತುಬಂಧ ಬಹುಮಾನವೋ ಶಿಕ್ಷೆಯೋ ಅಂತ ಆಕೆ ಕೇಳಿದರು. ಅದು ಒಳ್ಳೆಯ ಪ್ರಶ್ನೆ. ಮೈಯ ನೋವು ಮೈಯೊಳಗೇ ಹುಟ್ಟುವುದಿಲ್ಲ, ಸಮಾಜ ಅದಕ್ಕೆ ಏನು ಕೊಡುತ್ತದೆ, ಏನು ಕಸಿಯುತ್ತದೆ ಅನ್ನೋದರ ಮೇಲೂ ನಿಂತಿದೆ ಅನ್ನೋದನ್ನು ಅದು ತೋರಿಸಿತು.

ಆದರೆ ಆಕೆ ಕೇಳಿದ್ದು ರಜಪೂತರನ್ನು. ಅದೇ ಊರಿನ ಚಮ್ಮಾರರ ಹೆಂಗಸರನ್ನು ಕೇಳಿದ್ದರೆ? ಪರದೆ ಇದ್ದವಳಿಗೆ ಪರದೆ ತೆಗೆಯುವುದು ಬಹುಮಾನ. ಹತ್ತು ವರ್ಷಕ್ಕೇ ಬಿಸಿಲಿಗೆ ಬಿದ್ದು, ಗೌಡರ ಹೊಲದಲ್ಲಿ ಕಳೆ ಕಿತ್ತವಳಿಗೆ ಯಾವ ಪರದೆ ಇತ್ತು ತೆಗೆಯೋಕೆ? ‘ಭಾರತದ ಹೆಂಗಸು’ ಅಂತ ಒಬ್ಬಳಿಲ್ಲ. ಅಗ್ರಹಾರದವಳು, ಹಟ್ಟಿಯವಳು, ಕೇರಿಯವಳು ಅಂತ ಇದ್ದಾರೆ. ಒಂದೇ ವಯಸ್ಸಿನಲ್ಲಿ ಒಂದೇ ರಸ ಇಳಿದರೂ ಮೂವರಿಗೂ ಒಂದೇ ಋತುಬಂಧ ಆಗುವುದಿಲ್ಲ.

4

ಹೋಗಲಿ, ಒಂದೇ ವಯಸ್ಸಿಗಾದರೂ ಆಗುತ್ತದೆಯೇ? ಅದೂ ಇಲ್ಲ. ಯುರೋಪ್, ಅಮೆರಿಕದಲ್ಲಿ ಮುಟ್ಟು ನಿಲ್ಲುವ ವಯಸ್ಸು ಸರಾಸರಿ 51ರ ಸುಮಾರು. ಭಾರತದಲ್ಲಿ 46, 47ರ ಸುಮಾರು. ಬೆಂಗಳೂರಿನ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆಯ ಕೆಲಸದಿಂದ 2005ರಲ್ಲಿ ಬಂದ ಒಂದು ಅಧ್ಯಯನ 1998-99ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಅಂಕಿಗಳನ್ನು ಜಾಲಾಡಿತು. ಓದು ಇಲ್ಲದವರು, ಹಳ್ಳಿಯವರು, ಹೊಲದ ಕೆಲಸದವರು, ಮೈಯಲ್ಲಿ ಮಾಂಸ ಇಲ್ಲದವರು, ಇವರಿಗೇ ಬೇಗ ಮುಟ್ಟು ನಿಲ್ಲುವುದು ಹೆಚ್ಚು ಅಂತ ಅದು ಕಂಡಿತು. ಹಸಿವು ಅಂಡಾಶಯದ ತನಕ ಇಳಿದಿದೆ!

ಚಳ್ಳಕೆರೆಯನ್ನು ಎಣ್ಣೆ ನಗರ ಅಂತಾರೆ. ಆ ಎಣ್ಣೆಯ ಶೇಂಗಾವನ್ನು ಬಿತ್ತಿ, ಕಳೆ ತೆಗೆದು, ಗಿಡ ಕಿತ್ತು, ಕಾಯಿ ಬಿಡಿಸಿದ ಬೆರಳು ಹೆಂಗಸರದು. ಮೊಳಕಾಲ್ಮೂರಿನ ರೇಷ್ಮೆ ಸೀರೆಯನ್ನು ಹೊಗಳುತ್ತಾರೆ. ಆ ರೇಷ್ಮೆಯ ಗೂಡು ಬೇಯುವ ಬಿಸಿನೀರಿನ ಮುಂದೆ ಕೂತು ನೂಲು ತೆಗೆಯುವವಳಿಗೆ ಒಳಗಿನಿಂದಲೂ ಕಾವು ಏರಿದರೆ ಹೇಗಿರುತ್ತದೆ ಅಂತ ಯೋಚಿಸಿ. ನೂಲು ಬಿಟ್ಟು ಎದ್ದು ಗಾಳಿಗೆ ಹೋಗುವ ಹಾಗಿಲ್ಲ. ಹೊಲದಲ್ಲಿ ರಕ್ತ ಹರಿದರೆ ಬದಲಿ ಬಟ್ಟೆಗೆ ಮರೆ ಇಲ್ಲ. ಒಂದು ದಿನ ಬಿಟ್ಟರೆ ಒಂದು ದಿನದ ಕೂಲಿ ಇಲ್ಲ. 2019-21ರ ಸಮೀಕ್ಷೆ ಪ್ರಕಾರ ಕರ್ನಾಟಕದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇಕಡಾ 47.8 ಜನಕ್ಕೆ ರಕ್ತಹೀನತೆ. ಮೊದಲೇ ಇಲ್ಲದ ರಕ್ತ ಈ ಕಾಲದಲ್ಲಿ ಇನ್ನಷ್ಟು ಹೋಗುತ್ತದೆ. ಆಗ ಬರುವ ಸುಸ್ತನ್ನು ‘ಸೋಮಾರಿತನ’ ಅಂತ ಹೊಲದ ಒಡೆಯ ಬೈಯುತ್ತಾನೆ, ಗಂಡನೂ ಬೈಯುತ್ತಾನೆ.

ನಮ್ಮ ಚಳವಳಿ ಹುಟ್ಟಿದಾಗಿನಿಂದ ಅಮೆರಿಕದ ಕರಿಯರ ಹೋರಾಟವನ್ನು ನೆಂಟಸ್ತನದ ಕಣ್ಣಿನಿಂದ ನೋಡಿದೆ. ಈ ವಿಷಯದಲ್ಲೂ ಅಲ್ಲಿಂದ ಕಲಿಯುವುದಿದೆ. ಅರ್ಲೀನ್ ಜೆರೋನಿಮಸ್ ಅನ್ನೋ ವಿದ್ವಾಂಸೆ 1992ರಲ್ಲಿ ಒಂದು ಮಾತು ಮುಂದಿಟ್ಟರು: ವರ್ಣದ್ವೇಷ, ಬಡತನ, ಬಿಡುವಿಲ್ಲದ ದುಡಿತ ಸೇರಿ ಕರಿಯ ಹೆಂಗಸಿನ ಮೈಯನ್ನು ವಯಸ್ಸಿಗೆ ಮುಂಚೆಯೇ ಸವೆಸುತ್ತವೆ. ಬಿಸಿಲು ಗಾಳಿಗೆ ಬಂಡೆ ಸವೆದ ಹಾಗೆ. ನಮ್ಮ ಮೊಳಕಾಲ್ಮೂರು ಗುಡ್ಡದ ಬಂಡೆಗಳನ್ನು ನೋಡಿದವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಲ್ಲಿ 1996ರಿಂದ 42ರಿಂದ 52 ವಯಸ್ಸಿನ 3,302 ಹೆಂಗಸರನ್ನು ಸೇರಿಸಿಕೊಂಡು ವರ್ಷಗಟ್ಟಲೆ ಅವರ ಮೈಯನ್ನು ಗಮನಿಸಿದ ಒಂದು ದೊಡ್ಡ ಅಧ್ಯಯನ ನಡೆಯಿತು. ಅದರಿಂದ 2015ರಲ್ಲಿ ಬಂದ ಲೆಕ್ಕ: ಮೈಕಾವು ಕಾಡುವ ಅವಧಿ ಬಿಳಿಯ ಹೆಂಗಸರಿಗೆ ಸುಮಾರು 6.5 ವರ್ಷ, ಕರಿಯ ಹೆಂಗಸರಿಗೆ 10.1 ವರ್ಷ. ಕಾವಿಗೂ ಬಣ್ಣ ಇದೆ.

ಆ ಅಧ್ಯಯನದಲ್ಲಿ ಬಿಳಿಯರು, ಕರಿಯರು, ಹಿಸ್ಪಾನಿಕ್, ಚೀನಿ, ಜಪಾನಿ ಮೂಲದವರು ಇದ್ದರು. ಫಿಲಿಪೀನ್ಸ್ ಮೂಲದವರು ಒಂದು ಗುಂಪಾಗಿ ಇರಲಿಲ್ಲ. ಅಮೆರಿಕದ ಆಸ್ಪತ್ರೆಗಳಲ್ಲಿ ದಶಕಗಳಿಂದ ನರ್ಸುಗಳಾಗಿ ದುಡಿದವರು ಅವರು. ಇನ್ನೊಬ್ಬರ ಜ್ವರ ನೋಡುತ್ತಾ ರಾತ್ರಿಪಾಳಿಯಲ್ಲಿ ನಿಂತವಳ ಮೈಯ ಕಾವನ್ನು ಆ ದೊಡ್ಡ ಲೆಕ್ಕ ಕೇಳಲಿಲ್ಲ. ನಮ್ಮ ಆಶಾ ಕಾರ್ಯಕರ್ತೆಯರನ್ನು ನೆನೆಯಿರಿ. ಮನೆಮನೆಗೆ ಹೋಗಿ ಬಸುರಿಯರ ಲೆಕ್ಕ ಬರೆಯುವ ಅಕ್ಕನಿಗೂ ನಲವತ್ತೈದು ದಾಟಿರುತ್ತದೆ. ಅವಳನ್ನು “ನಿಂಗೆ ಹೆಂಗೈತಕ್ಕಾ?” ಅಂತ ಕೇಳುವ ಕಾಲಂ ಅವಳ ಪುಸ್ತಕದಲ್ಲಿಲ್ಲ.

5

ಸರ್ಕಾರಕ್ಕೆ ಬಡ ಹೆಂಗಸಿನ ಗರ್ಭ ಕಾಣಿಸಿದ್ದು ಕುಟುಂಬ ಯೋಜನೆಯ ಕಾಲದಲ್ಲಿ. ಕ್ಯಾಂಪುಗಳು ಬಂದವು. ‘ಆಪರೇಷನ್’ ಅಂದರೆ ಹಳ್ಳಿಯಲ್ಲಿ ಇವತ್ತಿಗೂ ಅದೇ ಅರ್ಥ. ಇಪ್ಪತ್ಮೂರು ಇಪ್ಪತ್ನಾಲ್ಕಕ್ಕೇ ಎರಡು ಮೂರು ಹೆತ್ತು ಆಪರೇಷನ್ ಮಾಡಿಸಿಕೊಂಡವಳನ್ನು ಆಮೇಲೆ ಯಾರೂ ವಿಚಾರಿಸಲಿಲ್ಲ. ಹೆರುವ ಕೆಲಸ ಮುಗಿಯಿತು, ಇವಳಿಂದ ದೇಶಕ್ಕೆ ಇನ್ನೇನು ಬೇಕು? ಬಿಳಿಸೆರಗು, ನಡುನೋವು, ಹೆಚ್ಚು ರಕ್ತ, ಇವುಗಳ ಜೊತೆ ಅವಳು ಹದಿನೈದು ವರ್ಷ ಸುಮ್ಮನೆ ಬದುಕಿದಳು. ಸರ್ಕಾರಿ ಆಸ್ಪತ್ರೆ ಬಿಟ್ಟುಹೋದ ಆ ಜಾಗಕ್ಕೆ ಖಾಸಗಿಯ ಚಾಕು ಬಂತು.

2015-16ರ ಸಮೀಕ್ಷೆಯಲ್ಲಿ 15ರಿಂದ 49 ವಯಸ್ಸಿನ ಭಾರತದ ಹೆಂಗಸರಲ್ಲಿ ಗರ್ಭಕೋಶ ತೆಗೆಸಿಕೊಂಡವರು ಶೇಕಡಾ 3.2. ಮೊಳಕಾಲ್ಮೂರಿನ ಗಡಿ ದಾಟಿದರೆ ಸಿಗುವ ಆಂಧ್ರದಲ್ಲಿ ಶೇಕಡಾ 8.9. ಅದು ದೇಶದಲ್ಲೇ ಹೆಚ್ಚು. ನೆಂಟಸ್ತನ, ಕೂಲಿ, ಆಸ್ಪತ್ರೆ ಎಲ್ಲದಕ್ಕೂ ಆ ಗಡಿ ದಾಟುವವರು ನಾವು. ಕಲಬುರಗಿ ಜಿಲ್ಲೆಯ ತಾಂಡಾ, ಕೇರಿಗಳಲ್ಲಿ ಇಪ್ಪತ್ತು ಮೂವತ್ತರ ಹರೆಯದವರ ಗರ್ಭಕೋಶ ತೆಗೆದ ಸಂಗತಿ 2015ರಲ್ಲಿ ಬೆಳಕಿಗೆ ಬಂತು. 2017ರ ಫೆಬ್ರವರಿಯಲ್ಲಿ ಲಂಬಾಣಿ ಮತ್ತು ದಲಿತ ಹೆಂಗಸರು ಜಿಲ್ಲಾಧಿಕಾರಿ ಕಚೇರಿಯ ಮುಂದೆ ಬಂದು ನ್ಯಾಯ ಕೇಳಿದರು. ಮಹಾರಾಷ್ಟ್ರದ ಬೀಡ್ ಜಿಲ್ಲೆಯಲ್ಲಿ ಸರ್ಕಾರದ ಸಮಿತಿ 2019ರಲ್ಲಿ ಲೆಕ್ಕ ಹಾಕಿದಾಗ 82,309 ಕಬ್ಬು ಕಡಿಯುವ ಹೆಂಗಸರಲ್ಲಿ 13,861 ಜನಕ್ಕೆ ಗರ್ಭಕೋಶ ಇರಲಿಲ್ಲ. ಮುಟ್ಟಿನ ದಿನ ಕೆಲಸ ತಪ್ಪಿದರೆ ಮೇಸ್ತ್ರಿ ದಂಡ ಹಾಕುತ್ತಾನೆ. ಗರ್ಭಚೀಲವೇ ಇಲ್ಲದಿದ್ದರೆ ಮುಟ್ಟೂ ಇಲ್ಲ, ದಂಡವೂ ಇಲ್ಲ. ಬಂಡವಾಳಶಾಹಿ ಹೆಣ್ಣಿನ ಮೈಯನ್ನು ತನ್ನ ಯಂತ್ರಕ್ಕೆ ಹೊಂದುವ ಹಾಗೆ ಕೆತ್ತಿದ್ದು ಹೀಗೆ.

ಬೇಕಾಗಿಲ್ಲದ ಈ ಶಸ್ತ್ರಚಿಕಿತ್ಸೆಗಳ ವಿರುದ್ಧ ಡಾ. ನರೇಂದ್ರ ಗುಪ್ತಾ 2013ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. ಬಿಹಾರ, ಛತ್ತೀಸ್‌ಗಢ, ರಾಜಸ್ಥಾನದ ದಲಿತ, ಆದಿವಾಸಿ, ಹಿಂದುಳಿದ ಹೆಂಗಸರ ಕತೆ ಅಲ್ಲಿ ಬಿಚ್ಚಿಕೊಂಡಿತು. 2023ರ ಏಪ್ರಿಲ್‌ನಲ್ಲಿ ತೀರ್ಪು ಬಂತು. ಕೇಂದ್ರ ಸರ್ಕಾರ 2022ರಲ್ಲಿ ಹೊರಡಿಸಿದ ಮಾರ್ಗಸೂಚಿಯನ್ನು ಎಲ್ಲ ರಾಜ್ಯಗಳೂ ಮೂರು ತಿಂಗಳೊಳಗೆ ಜಾರಿಗೆ ತರಬೇಕು ಅಂತ ಕೋರ್ಟು ಹೇಳಿತು.

ಎಲ್ಲ ಗರ್ಭಕೋಶ ಶಸ್ತ್ರಚಿಕಿತ್ಸೆಯೂ ಮೋಸ ಅಂತ ನಾನು ಹೇಳುತ್ತಿಲ್ಲ. ಕ್ಯಾನ್ಸರ್ ಇದ್ದರೆ, ಬೇರೆ ದಾರಿ ಇಲ್ಲದಿದ್ದರೆ, ಅದು ಜೀವ ಉಳಿಸುತ್ತದೆ. ಆದರೆ ಮುಟ್ಟು ನಿಲ್ಲುವ ಮೊದಲಿನ ಕಾಲದಲ್ಲಿ ರಕ್ತ ಹೆಚ್ಚಾಗುವುದು ಬಹಳ ಹೆಂಗಸರಿಗೆ ಆಗುವಂಥದ್ದು. ಮಾತ್ರೆಗಳಿವೆ, ಬೇರೆ ಚಿಕಿತ್ಸೆಗಳಿವೆ. ಗಡ್ಡೆ ಅಂದದ್ದೆಲ್ಲ ಕ್ಯಾನ್ಸರ್ ಅಲ್ಲ. ಗರ್ಭಚೀಲದ ಜೊತೆ ಎರಡು ಅಂಡಾಶಯವನ್ನೂ ತೆಗೆದರೆ ಹತ್ತು ವರ್ಷದ ಮೇಲೆ ನಿಧಾನವಾಗಿ ಬರಬೇಕಾದ ಋತುಬಂಧ ಒಂದೇ ರಾತ್ರಿಗೆ ಬರುತ್ತದೆ. ಅಂಡಾಶಯ ಉಳಿಸಿದರೂ ಅದು ಬೇಗ ಸೋಲುವ ಸಂಭವ ಇದೆ. ಮೂಳೆ, ಹೃದಯ ಎರಡಕ್ಕೂ ಪೆಟ್ಟು. ಇದನ್ನು ಅವ್ವನಿಗೆ ಆವತ್ತು ಯಾರಾದರೂ ಕನ್ನಡದಲ್ಲಿ ಹೇಳಿದ್ದರೆ ಅವಳು ಏನು ತೀರ್ಮಾನ ಮಾಡುತ್ತಿದ್ದಳೋ ಗೊತ್ತಿಲ್ಲ. ಆ ತೀರ್ಮಾನ ಅವಳದ್ದಾಗುತ್ತಿತ್ತು.

6

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಬಾಗಿಲು ಹೆಂಗಸಿಗೆ ತೆರೆಯುವುದು 15ಕ್ಕೆ, ಮುಚ್ಚುವುದು 49ಕ್ಕೆ. ಹೆರುವ ವಯಸ್ಸು ಮುಗಿದವಳು ಲೆಕ್ಕಕ್ಕಿಲ್ಲ. ಲೆಕ್ಕಕ್ಕಿಲ್ಲದವಳಿಗೆ ಯೋಜನೆ ಇಲ್ಲ. ಬಾಬಾಸಾಹೇಬರು 1928ರಲ್ಲಿ ಮುಂಬೈ ಶಾಸನಸಭೆಯಲ್ಲಿ ದುಡಿಯುವ ಬಸುರಿಯರ ರಜೆ, ಭತ್ಯೆಯ ಮಸೂದೆಯ ಪರವಾಗಿ ನಿಂತು ಮಾತಾಡಿದರು. ಆ ದಾರಿಯಲ್ಲಿ ಇನ್ನೂ ಬಹಳ ನಡೆಯುವುದಿತ್ತು. 2025ರ ಅಕ್ಟೋಬರ್‌ನಲ್ಲಿ ಕರ್ನಾಟಕದ ಸಚಿವ ಸಂಪುಟ ದುಡಿಯುವ ಹೆಂಗಸರಿಗೆ ತಿಂಗಳಿಗೆ ಒಂದು ದಿನ ಸಂಬಳದ ಮುಟ್ಟಿನ ರಜೆಗೆ ಒಪ್ಪಿತು. ಒಳ್ಳೆಯ ಹೆಜ್ಜೆ. ಆದರೆ ರಜೆ ಬರೆಯುವುದಕ್ಕೆ ಹಾಜರಿ ಪುಸ್ತಕ ಬೇಕಲ್ಲ? ಶೇಂಗಾ ಹೊಲದಲ್ಲಿ ಹಾಜರಿ ಪುಸ್ತಕ ಎಲ್ಲಿದೆ?

ಚಳ್ಳಕೆರೆಯ ಕುದಾಪುರದ ಕಾವಲಿಗೆ 2009ರ ನಂತರ ದೇಶದ ದೊಡ್ಡ ದೊಡ್ಡ ವಿಜ್ಞಾನ ಸಂಸ್ಥೆಗಳು ಬಂದವು. ಸಾವಿರಾರು ಎಕರೆ ಹುಲ್ಲುಗಾವಲಿಗೆ ಗೋಡೆ ಎದ್ದಿತು. ಕುರಿ ಮೇಯಿಸುತ್ತಿದ್ದ, ಸೌದೆ ಆಯುತ್ತಿದ್ದ ಹೆಂಗಸರು ಗೋಡೆಯ ಈಚೆ ಉಳಿದರು. ಆಕಾಶದ ಲೆಕ್ಕ ಹಾಕುವ ವಿಜ್ಞಾನ ನಮ್ಮ ಬಾಗಿಲಲ್ಲೇ ಇದೆ. ನಮ್ಮ ಅವ್ವಂದಿರ ಮೈ ಯಾಕೆ ಉರಿಯುತ್ತದೆ ಅಂತ ಹೇಳುವ ಒಬ್ಬ ಲೇಡಿ ಡಾಕ್ಟರಿಗೆ ನಾವು ಬಸ್ಸು ಹಿಡಿದು ಹೋಗಬೇಕು.

2018ರಲ್ಲಿ ವಿಶ್ವಸಂಸ್ಥೆಯ ಮಹಿಳಾ ವಿಭಾಗ ಒಂದು ವರದಿಯಲ್ಲಿ ಹೇಳಿತು: ಭಾರತದಲ್ಲಿ ದಲಿತ ಹೆಂಗಸು ಮೇಲ್ಜಾತಿಯ ಹೆಂಗಸಿಗಿಂತ ಸರಾಸರಿ 14.6 ವರ್ಷ ಮೊದಲು ಸಾಯುತ್ತಾಳೆ. ಈ 14.6 ವರ್ಷವನ್ನು ಯಾರು ತಿಂದರು? ಒಂದೇ ಬಾರಿಗೆ ಯಾರೂ ತಿನ್ನಲಿಲ್ಲ. ಒಂದು ತುತ್ತು ಹೊಲ, ಒಂದು ತುತ್ತು ಹಸಿವು, ಒಂದು ತುತ್ತು ಹೆರಿಗೆ, ಒಂದು ತುತ್ತು ಆಪರೇಷನ್ ಟೇಬಲ್ಲು.

ನಮ್ಮನ್ನೂ ಕೇಳಿಕೊಳ್ಳೋಣ ಗೆಳೆಯರೇ. ಎಪ್ಪತ್ತರ ದಶಕದಿಂದ ದಲಿತ ಬಂಡಾಯ ಕಾವ್ಯಕ್ಕೆ ಅವ್ವ ಬಂದಳು. ಹಸಿದ ಅವ್ವ, ಸೌದೆ ಹೊತ್ತ ಅವ್ವ, ಜೀತದ ಅವ್ವ. ಅವಳ ಬಸಿರನ್ನೂ ಮೊಲೆಹಾಲನ್ನೂ ನಾವು ಹಾಡಿದೆವು, ಅವು ನಮಗೆ ಸಿಕ್ಕಿದ್ದರಿಂದ. ನಾನು ಓದಿದ ಮಟ್ಟಿಗೆ ಅವಳ ಮುಟ್ಟು ನಿಂತ ದಿನವನ್ನು ಯಾರೂ ಬರೆಯಲಿಲ್ಲ. ಅದರಲ್ಲಿ ನಮಗೆ ಸಿಗುವಂಥದ್ದು ಏನೂ ಇರಲಿಲ್ಲವಲ್ಲ! ನಾನೂ ಅವ್ವನ ಮೇಲೆ ಐದಾರು ಪದ್ಯ ಬರೆದವಳು. ಅವ್ವ ಕಟ್ಟೆ ಮೇಲೆ ಬೆವರುತ್ತಾ ಕೂತಿದ್ದಾಗ ಒಳಗೆ ದೀಪ ಹಚ್ಚಿಕೊಂಡು ಅವಳ ಮೇಲೆ ಪದ್ಯ ಬರೆಯುತ್ತಿದ್ದೆ.

7

ನಮ್ಮ ಮೊಳಕಾಲ್ಮೂರು ತಾಲೂಕಿನಲ್ಲಿ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಅಂತ ಮೂರು ಕಡೆ ಅಶೋಕನ ಶಾಸನಗಳಿವೆ. 1892ರಲ್ಲಿ ಬಿ.ಎಲ್. ರೈಸ್ ಅವನ್ನು ಬೆಳಕಿಗೆ ತಂದ. ಮೇಷ್ಟರುಗಳು ಮಕ್ಕಳನ್ನು ಕರೆದುಕೊಂಡು ಹೋಗಿ ತೋರಿಸುತ್ತಾರೆ. ಆ ಕಲ್ಲುಗಳ ಮೇಲೆ ಜನಕ್ಕೆ ಹೇಳಿದ ಬುದ್ಧಿಮಾತುಗಳಲ್ಲಿ ತಾಯಿತಂದೆಯರ ಸೇವೆ ಮಾಡಬೇಕು ಅನ್ನೋದು ಒಂದು. ಅಲ್ಲಿ ಬಳಸಿದ ಪ್ರಾಕೃತದ ಮಾತೂ ನಾವು ಆಸ್ಪತ್ರೆಯಲ್ಲಿ ಬಳಸುವ ‘ಶುಶ್ರೂಷೆ’ಯೂ ಒಂದೇ ಬಳ್ಳಿಯವು. ಪಂಡಿತರು ಅದಕ್ಕೆ ವಿಧೇಯತೆ, ಸೇವೆ ಅಂತ ಅರ್ಥ ಹೇಳುತ್ತಾರೆ. ಆ ಪದದ ಬುಡಕ್ಕೆ ಹೋದರೆ ಸಿಗುವ ಅರ್ಥ, ಕೇಳಿಸಿಕೊಳ್ಳುವ ಆಸೆ.

ಎರಡು ಸಾವಿರದ ಇನ್ನೂರು ವರ್ಷಕ್ಕೂ ಮೇಲಿನಿಂದ ಈ ಮಾತು ನಮ್ಮ ಕಲ್ಲಿನ ಮೇಲಿದೆ. ಔಷಧಿ ಕೊಡುವುದಕ್ಕೆ ಮೊದಲು, ಚಾಕು ಹಿಡಿಯುವುದಕ್ಕೆ ಮೊದಲು, ಪದ್ಯ ಬರೆಯುವುದಕ್ಕೂ ಮೊದಲು ಕೇಳಿಸಿಕೊಳ್ಳಬೇಕು.

ಹಳ್ಳಿಯ ಮೇಷ್ಟರೇ, ಮೇಡಮ್ಮುಗಳೇ, ಹೈಸ್ಕೂಲಿನ ವಿಜ್ಞಾನದ ಪುಸ್ತಕದಲ್ಲಿ ಋತುಬಂಧ ಅಂತ ಒಂದು ಸಾಲು ಬರುತ್ತದೆ. ಅದನ್ನು ದಾಟಿ ಹೋಗಬೇಡಿ. ಹುಡುಗರಿಗೂ ಹೇಳಿ, ಹುಡುಗಿಯರಿಗೂ ಹೇಳಿ. ಕಾಲೇಜಿನ ಗೆಳೆಯರೇ, ಈ ಸಲ ಊರಿಗೆ ಹೋದಾಗ ನಿಮ್ಮ ಅವ್ವನನ್ನು, ಚಿಕ್ಕವ್ವನನ್ನು ಕೇಳಿ: ಮುಟ್ಟು ಯಾವಾಗ ನಿಂತಿತು, ತಾನಾಗಿ ನಿಂತಿತೋ ತೆಗೆಸಿದರೋ, ತೆಗೆದದ್ದು ಏನು ಅಂತ ಯಾರಾದರೂ ಹೇಳಿದರೋ. ಆಸ್ಪತ್ರೆಯ ಚೀಟಿಗಳನ್ನು ಬಿಸಾಡದೆ ಎತ್ತಿಡಿ. ಗರ್ಭಚೀಲ ತೆಗೆಯಬೇಕು ಅಂದರೆ ಸರ್ಕಾರಿ ಆಸ್ಪತ್ರೆಯಲ್ಲಿ ಇನ್ನೊಬ್ಬ ಡಾಕ್ಟರನ್ನು ಕೇಳದೆ ಒಪ್ಪಬೇಡಿ. ಒಂದು ವರ್ಷ ನಿಂತ ಮುಟ್ಟು ಮತ್ತೆ ಕಾಣಿಸಿದರೆ ಸುಮ್ಮನಿರಬೇಡಿ, ತೋರಿಸಿ. ಸಂಘಟನೆಯ ಸಂಗಾತಿಗಳೇ, ತಾಲೂಕು ಆಸ್ಪತ್ರೆಯ ಮುಂದೆ ಇಡುವ ಬೇಡಿಕೆಗಳ ಪಟ್ಟಿಯಲ್ಲಿ ನಲವತ್ತು ದಾಟಿದ ಹೆಂಗಸರಿಗೆ ವಾರಕ್ಕೊಂದು ದಿನದ ತಪಾಸಣೆ ಅನ್ನೋದನ್ನೂ ಬರೆಯಿರಿ.

ಹೋದ ಚಳಿಗಾಲದಲ್ಲಿ ಒಂದು ರಾತ್ರಿ ಅವ್ವನ ಪಕ್ಕ ಕಟ್ಟೆ ಮೇಲೆ ಹೋಗಿ ಕೂತೆ. “ಸೆಕೆ ಎಲ್ಲಿಂದ ಶುರುವಾಗ್ತದವ್ವಾ?” ಅಂದೆ. ಮೊದಲು ನಕ್ಕಳು. ಆಮೇಲೆ ಎದೆ ಮೇಲೆ ಕೈಯಿಟ್ಟು ತೋರಿಸಿದಳು. ಆಪರೇಷನ್ನಿನ ದಿನದಿಂದ ಹಿಡಿದು ಇವತ್ತಿನ ತನಕ ಎಲ್ಲವನ್ನೂ ಹೇಳಿದಳು. ಕೋಳಿ ಕೂಗುವ ತನಕ ಹೇಳಿದಳು. ನಾನು ನೋಟ್‌ಬುಕ್ಕಿನಲ್ಲಿ ಗೀಚಿಕೊಳ್ಳುತ್ತಾ ಇದ್ದದ್ದನ್ನು ನೋಡಿ ಕೇಳಿದಳು:

“ಇದನ್ನೂ ಬರೀತಾರೇನೇ ಮಗಾ?”

ಬರೀತಾರವ್ವ. ಇಷ್ಟು ದಿನ ಬರೆಯದೆ ಇದ್ದವರ ಹತ್ತಿರ ಲೆಕ್ಕ ಕೇಳೋಕೆ ಬರೀತಾರೆ.